ಕಂತಿನಲ್ಲಿ ಕಳಿಸಿದ ಫೀಸು

2025ರ ಮೇ ಕೊನೆಯಲ್ಲಿ ಪಶ್ಚಿಮ ಕೀನ್ಯಾದಿಂದ ನನ್ನ ಮೊಬೈಲಿಗೆ ಒಂದು ಪತ್ರದ ಫೋಟೊ ಬಂತು. ನಾನು ಓದಿಸುತ್ತಿರುವ ಹುಡುಗಿ ಗೆರೆ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದದ್ದು. ಅಮ್ಮನ ಕ್ಷೇಮ, ಮೆಕ್ಕೆಜೋಳದ ಹೊಲ, ಮಳೆ ಎಲ್ಲ ಬರೆದು ಕೊನೆಗೆ ಒಂದು ಸಾಲು: ಫೀಸು ಬಾಕಿಯೆಂದು ಶಾಲೆಯಿಂದ ಮನೆಗೆ ಕಳಿಸಿದ್ದಾರೆ, ಮೂರು ವಾರವಾಯಿತು. ಅಷ್ಟರಲ್ಲಿ ನಾನು ಐದು ಕಂತು ಕಳಿಸಿಯಾಗಿತ್ತು.

ಕಿಸುಮು ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದವನು ನಾನು. ಗೇಟಿನೆದುರು ಮಂದಾಜಿ ಕರಿದು ಮಾರುತ್ತಿದ್ದಾಕೆಯ ಮಗಳು ಇವಳು. ಫೀಸು ಕಟ್ಟಲಾಗದ ಮಕ್ಕಳು ತಗಡಿನ ಟ್ರಂಕು, ಸುತ್ತಿದ ಹಾಸಿಗೆ ಬೋಡಾ ಬೋಡಾ ಬೈಕಿಗೆ ಕಟ್ಟಿಕೊಂಡು ಕೆಮ್ಮಣ್ಣಿನ ರಸ್ತೆಯಲ್ಲಿ ವಾಪಸಾಗುವುದನ್ನು ಎಷ್ಟೋ ಸಲ ಕಂಡಿದ್ದೆ. ಇವಳಿಗೆ ಹಾಗಾಗಬಾರದೆಂದೇ, ಮೈಸೂರಿಗೆ ಮರಳಿದ ಮೇಲೆ ನೈರೋಬಿಯ ಒಂದು ಸಂಸ್ಥೆಯ ಮೂಲಕ ತಿಂಗಳಿಗೆ 5,000 ರೂಪಾಯಿಯ ಪ್ರಾಯೋಜಕತ್ವ ಒಪ್ಪಿಕೊಂಡೆ. ಸಂಬಳದವರಿಗೆ ಎಲ್ಲವೂ ಇಎಂಐ ಹಾಗೆ ತಿಂಗಳಿಗಿಷ್ಟು ಎಂದಿದ್ದರೇ ನೆಮ್ಮದಿ. ನಾನು ಎಡವಿದ್ದು ಅಲ್ಲೇ.

ಪತ್ರ ಓದಿದ ರಾತ್ರಿ ಪಾಸ್‌ಬುಕ್ ತೆರೆದು ಕೂತೆ. ಪ್ರತಿ ಕಂತಿಗೂ ಬ್ಯಾಂಕಿನ ಕಮಿಷನ್ 500, ಅದರ ಮೇಲೆ ಜಿಎಸ್‌ಟಿ 90. ಕರೆನ್ಸಿ ಪರಿವರ್ತನೆಗೆ ಜಿಎಸ್‌ಟಿ 45; ಸಾವಿರ ಕಳಿಸಿದರೂ ಇಪ್ಪತ್ತೈದು ಸಾವಿರ ಕಳಿಸಿದರೂ ಇದು ಅಷ್ಟೇ. ವಿನಿಮಯ ದರದಲ್ಲಿ ಹಿಡಿದದ್ದು ನೂರಕ್ಕೆ ಎರಡೂವರೆಯಂತೆ 125. ನಡುವಿನ ವಿದೇಶಿ ಬ್ಯಾಂಕಿನದು 1,200. ಒಟ್ಟು 1,960. ನನ್ನ 5,000ದಲ್ಲಿ ನೈರೋಬಿ ಮುಟ್ಟಿದ್ದು 3,040. ವರ್ಷಕ್ಕೆ ದಾರಿಯಲ್ಲೇ ಕರಗುವುದು 23,520.

ಅದೇ 60,000ವನ್ನು ಒಂದೇ ಸಲ ಕಳಿಸಿದ್ದರೆ? ಕಮಿಷನ್ ಮತ್ತು ಅದರ ಜಿಎಸ್‌ಟಿ 590, ಪರಿವರ್ತನೆಯ ಜಿಎಸ್‌ಟಿ 108, ದರದ ವ್ಯತ್ಯಾಸ 1,500, ನಡುವಿನ ಬ್ಯಾಂಕಿಗೆ 1,200. ಒಟ್ಟು 3,398. ಉಳಿತಾಯ 20,122 ರೂಪಾಯಿ.

ಇನ್ನು ಫೀಸಿನ ಕಡೆ ನೋಡಿ. ಕೀನ್ಯಾದಲ್ಲಿ ಸರ್ಕಾರಿ ಪ್ರಾಥಮಿಕ ಶಿಕ್ಷಣ 2003ರಿಂದ ಉಚಿತ. ಬಡವರ ಬೆನ್ನು ಮುರಿಯುವುದು ಪ್ರೌಢಶಾಲೆಯ ಹಾಸ್ಟೆಲ್ ಫೀಸು. ಇವಳ ದರ್ಜೆಯ ಶಾಲೆಗೆ ವರ್ಷಕ್ಕೆ 40,535 ಶಿಲ್ಲಿಂಗ್. ಮೂರು ಟರ್ಮಿಗೆ 50:30:20ರಂತೆ ಕಟ್ಟಬೇಕು. ಅಂದರೆ ಜನವರಿಯಲ್ಲೇ 20,268. ಶಿಲ್ಲಿಂಗಿಗೆ 66 ಪೈಸೆಯಂತೆ ನನ್ನ ಮೊದಲ ಕಂತು ಸುಮಾರು 4,600 ಆಯಿತು. ಏಪ್ರಿಲ್‌ವರೆಗಿನ ನಾಲ್ಕೂ ಸೇರಿ 18,400. ಅದರಲ್ಲಿ ಸಂಸ್ಥೆಯ ಆಡಳಿತ ವೆಚ್ಚವೂ ಹೋಗಬೇಕು. ಹದ ತಪ್ಪಿದ ಮೇಲೆ ಬಿದ್ದ ಮಳೆಯಂತಾಯಿತು ನನ್ನ ದುಡ್ಡು.

ಒಟ್ಟಿಗೆ ಕಳಿಸಿದ್ದರೆ ಸುಮಾರು 85,760 ಶಿಲ್ಲಿಂಗ್ ಮುಟ್ಟುತ್ತಿತ್ತು. ಇಬ್ಬರು ಹುಡುಗಿಯರ ಇಡೀ ವರ್ಷದ ಫೀಸು 81,070.

ಹಾಗಾಗಿ ಈ ಮಾಸಿಕ ಪ್ಯಾಕೇಜುಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಹುಟ್ಟುಹಬ್ಬದ ಕಾರ್ಡು, ನಗುವ ಫೋಟೊ, ವರ್ಷಕ್ಕೊಂದು ವರದಿ ಎಲ್ಲ ಬರುತ್ತವೆ. ಫೀಸಿನ ಕೊನೆಯ ದಿನ ಯಾವುದೆಂದು ಯಾರೂ ಹೇಳುವುದಿಲ್ಲ. ಓದಿಸುವುದೇ ವ್ಯರ್ಥ ಎಂದಲ್ಲ. ಆದರೆ ಫೀಸೊಂದೇ ಸಾಲದು. ಪಶ್ಚಿಮ ಕೀನ್ಯಾದ ಬುಸಿಯಾದಲ್ಲೇ 1998ರಿಂದ ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ನಡೆಸಿದ ಅಧ್ಯಯನದಲ್ಲಿ, ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಟ್ಟಾಗ ಗೈರುಹಾಜರಿ ಕಾಲುಭಾಗದಷ್ಟು ಇಳಿದಿತ್ತು. ಫೀಸಿನಷ್ಟೇ ಆರೋಗ್ಯವೂ ಮಗುವನ್ನು ತರಗತಿಯಲ್ಲಿ ಕೂರಿಸುತ್ತದೆ. ಆ ಸೀಮೆಯಲ್ಲಿ ಮಲೇರಿಯಾ ಬಂದರೆ ಮನೆಯಲ್ಲಿದ್ದ ಫೀಸಿನ ದುಡ್ಡೇ ಆಸ್ಪತ್ರೆಗೆ ಹೋಗುತ್ತದೆ. 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಅಲ್ಲಿನ ಸಾಮಾಜಿಕ ಆರೋಗ್ಯ ವಿಮೆಗೆ ಕುಟುಂಬವೊಂದರ ಕನಿಷ್ಠ ಕಂತು ತಿಂಗಳಿಗೆ 300 ಶಿಲ್ಲಿಂಗ್, ವರ್ಷಕ್ಕೆ 3,600. ಮೇಲಿನ ಲೆಕ್ಕದಲ್ಲಿ ಉಳಿದ ಚಿಲ್ಲರೆಯಲ್ಲೇ ಅದೂ ಆಗುತ್ತದೆ.

ವಿದೇಶಕ್ಕೆ ಹಣ ಕಳಿಸಲು ಇರುವ ಎಲ್‌ಆರ್‌ಎಸ್ ಮಿತಿಯ ಚಿಂತೆ ಇಷ್ಟು ಸಣ್ಣ ಮೊತ್ತಕ್ಕೆ ಬೇಡ. 80ಜಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ; ಅದಕ್ಕಾಗಿ ಕೊಡುವವರು ಇಲ್ಲಿನ ಮಕ್ಕಳಿಗೆ ಕೊಡಲಿ, ಅದೂ ಒಳ್ಳೆಯದೇ. ಆದರೆ ಎಲ್ಲಿಗೇ ಕೊಡಿ, ನಿಮ್ಮ ಸಂಬಳದ ದಿನ ನೋಡಬೇಡಿ, ಆ ಮಗುವಿನ ಫೀಸಿನ ದಿನ ನೋಡಿ. ಪ್ರತಿ ತಿಂಗಳು ಒಂದು ಆರ್‌ಡಿಗೆ ಹಾಕುತ್ತಾ ಬನ್ನಿ, ಡಿಸೆಂಬರ್‌ನಲ್ಲಿ ಮುರಿಯಿರಿ. ಓದು ಮುಗಿಯುವಷ್ಟು ವರ್ಷ ಕೊಡಲಾಗದಿದ್ದರೆ ಶುರು ಮಾಡಲೇಬೇಡಿ. ನಡುವೆ ಕೈಬಿಟ್ಟರೆ ಹೊರಗೆ ನಿಲ್ಲುವುದು ನಾವಲ್ಲ, ಆ ಮಗು.

ಈ ಜನವರಿಯಲ್ಲಿ ನೇರವಾಗಿ ಶಾಲೆಯ ಖಾತೆಗೇ ಕಟ್ಟಿದೆ, ಅವಳದ್ದೂ ಅವಳ ಗೆಳತಿಯದ್ದೂ. ವಿಮೆಯ ಹಣವನ್ನು ಅಲ್ಲಿರುವ ಹಳೆಯ ಸಹೋದ್ಯೋಗಿ ಮೊಬೈಲಿನ ಎಂ-ಪೆಸಾದಲ್ಲಿ ಕಟ್ಟಿದರು. ವಾರದೊಳಗೆ ವಾಟ್ಸ್‌ಆ್ಯಪ್‌ಗೆ ಎರಡು ರಸೀದಿ ಬಂದವು. ಬಾಕಿಯ ಕಾಲಂನಲ್ಲಿ ಎರಡರಲ್ಲೂ ಸೊನ್ನೆ.