ಆ ಕಾಲಮ್ಮಿನಲ್ಲಿ ಗೆರೆ ಎಳೆಯಬೇಡ

ತಂಗೀ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಒಂದನೇ ತರಗತಿಗೆ ಹೆಸರು ಹಚ್ಚಲು ಇಬ್ಬರು ಹೆಣ್ಣುಮಕ್ಕಳು ಆರು ವರ್ಷದ ಕೂಸನ್ನು ಕರೆದುಕೊಂಡು ನಿಮ್ಮ ಶಾಲೆಗೆ ಬಂದರು. ಒಬ್ಬಾಕೆ ದವಾಖಾನೆಯಲ್ಲಿ ನರ್ಸ್, ಇನ್ನೊಬ್ಬಾಕೆ ಮನೆಯಲ್ಲೇ ಹೊಲಿಗೆ ಹಾಕುವವಳು. ಕೂಸನ್ನು ದತ್ತಕ ತಗೊಂಡಾಕೆ ನರ್ಸ್‌ಬಾಯಿ. ಕೋರ್ಟಿನ ಆದೇಶ, ಜನನ ಪ್ರಮಾಣಪತ್ರ, ಆಧಾರ್ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿ ತಂದಿದ್ದರು. ಅದನ್ನೆಲ್ಲ ನೋಡಿ ನಿಮ್ಮ ಸೆಕ್ರೆಟರಿ ಸಾಹೇಬರು ಹೊಲಿಗೆಯಾಕೆಯತ್ತ ಬೆರಳು ಮಾಡಿ, ‘ಈಕಿ ಯಾರು?’ ಅಂದರು. ‘ಇಬ್ರೂ ಕೂಡಿ ಬೆಳಸಾಕತ್ತೇವ್ರಿ. ನಾವಿಬ್ರೂ ಈಕೀ ಅವ್ವಂದಿರು’ ಎಂದು ಆಕೆ ಹೇಳಿದ್ದೇ ತಡ, ಹಿಂದಿನ ದಿನದವರೆಗೆ ಖಾಲಿ ಇದ್ದ ಸೀಟು ಭರ್ತಿಯಾಗಿಬಿಟ್ಟಿತು.

‘ಕಾಕಾ, ನಾ ಏನ್ ಮಾಡ್ಲಿ? ನನಗೂ ನೌಕರಿ ಬೇಕು’ ಅಂದೆ. ನಿನ್ನ ನೌಕರಿಯ ಚಿಂತೆ ನನಗೂ ಇದೆ. ಮೂವತ್ತೆಂಟು ವರ್ಷ ಮಾಸ್ತರಿಕೆ ಮಾಡಿದವನು ನಾನು. ಅದರ ಮೇಲಿಂದ ನಾಲ್ಕು ಮಾತು ಬರೆಯುತ್ತೇನೆ, ಪುರಸೊತ್ತಾಗಿ ಓದು.

ಮೊದಲು ನನ್ನ ತಪ್ಪನ್ನು ಕೇಳು. 1984ರ ಜೂನ್, ನವಲಗುಂದ ತಾಲೂಕಿನ ಒಂದು ಹಳ್ಳಿ. ದೇವದಾಸಿ ಪದ್ಧತಿ ನಿಷೇಧಕ್ಕೆ 1982ರ ಕಾಯ್ದೆ ಬಂದಿತ್ತು, ಆದರೆ ಮುತ್ತು ಕಟ್ಟಿಸಿಕೊಂಡ ತಾಯಂದಿರೂ ಅವರ ಮಕ್ಕಳೂ ಊರಲ್ಲೇ ಇದ್ದರು. ಅಂಥ ಒಬ್ಬಾಕೆ ಮಗನನ್ನು ಕರೆದುಕೊಂಡು ಬಂದಳು. ಹುಡುಗನ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಾಚಿದ್ದಳು. ನಾನು ರಿಜಿಸ್ಟರ್ ತೆರೆದು, ಬಾಗಿಲಲ್ಲಿ ನಿಂತ ಐದಾರು ಜನರೆದುರಿಗೆ ‘ತಂದೀ ಹೆಸರು?’ ಎಂದು ಕೇಳಿದೆ. ಆಕೆ ಸುಮ್ಮನಿದ್ದಳು. ಮತ್ತೊಮ್ಮೆ, ಇನ್ನೂ ಜೋರಾಗಿ ಕೇಳಿದೆ. ‘ನನ್ನ ಹೆಸರ ಬರಕೊಳ್ರಿ ಸರ’ ಅಂದಳು. ‘ಅದಕ್ಕ ಕಾಲಮ್ ಇಲ್ಲ’ ಎಂದು ಹೇಳಿ, ಆ ಚೌಕದಲ್ಲಿ ಒಂದು ಅಡ್ಡಗೆರೆ ಎಳೆದೆ.

ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಆ ಹುಡುಗ ಸೀಮೆಸುಣ್ಣ ತರಲು ಆಫೀಸಿಗೆ ಬಂದ. ಮೇಜಿನ ಮೇಲೆ ರಿಜಿಸ್ಟರ್ ಬಿಚ್ಚಿತ್ತು. ತನ್ನ ಹೆಸರಿನ ಮೇಲೆ ಬೆರಳಿಟ್ಟು, ಸಾಲು ಹಿಡಿದು ಬೆರಳು ಸರಿಸುತ್ತ ಹೋಗಿ ಅಲ್ಲಿ ನಿಲ್ಲಿಸಿದ. ‘ಸರ, ಎಲ್ಲಾರ್ದೂ ಹೆಸರೈತಿ, ನಂದ್ಯಾಕ ಗೆರೀ?’ ಎಂದು ಕೇಳಿದ. ಸೀಮೆಸುಣ್ಣದ ಡಬ್ಬಿ ಕೈಗೆ ಕೊಟ್ಟು ಕಳಿಸಿಬಿಟ್ಟೆ. ಏಳನೇ ಇಯತ್ತೆ ಮುಗಿಸಿ ಆತ ಟಿ.ಸಿ. ಕೇಳಿದಾಗ ಅದೇ ಗೆರೆಯನ್ನು ಅಲ್ಲಿಗೂ ಇಳಿಸಿದವನು ನಾನೇ. ಅಷ್ಟು ಹೊತ್ತಿಗೆ ನನಗೆ ತಿಳುವಳಿಕೆ ಬರಬೇಕಿತ್ತು, ಬಂದಿರಲಿಲ್ಲ. ಹುಡುಗ ಮುಂದೆ ಯಾವ ಶಾಲೆಗೂ ಹೋಗಲಿಲ್ಲ.

ತಂದೆಯ ಹೆಸರಿಲ್ಲದ ಮಗು ಅವತ್ತು ನನ್ನ ಮೇಜಿಗೆ ಬಂದಿತ್ತು. ಇಬ್ಬರು ಅವ್ವಂದಿರ ಮಗು ಇವತ್ತು ನಿನ್ನ ಮೇಜಿಗೆ ಬಂದಿದೆ.

ನಿಮ್ಮ ಸೆಕ್ರೆಟರಿ ‘ಇಂಥಾ ಸಂಸಾರಕ್ಕ ಕಾನೂನಿನ್ಯಾಗ ಜಾಗ ಇಲ್ಲ’ ಅಂದರಂತೆ. ಅವರ ಮಾತು ಅರ್ಧ ಮಾತ್ರ ನಿಜ. ಇಂಥ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ, ಜೋಡಿಯಾಗಿ ದತ್ತಕ ತಗೊಳ್ಳುವುದಕ್ಕೂ ಬಹುಮತದ ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅದು ನನಗೆ ಬೇಸರ ತಂದ ತೀರ್ಪು. ಜೋಡಿಯಾಗಿ ದತ್ತಕ ತಗೊಳ್ಳಲು ಅವಕಾಶ ಇಲ್ಲದಿರುವುದೇ ಕೂಸಿನ ಆದೇಶದಲ್ಲಿ ಒಬ್ಬಾಕೆಯ ಹೆಸರಷ್ಟೇ ಇರುವುದಕ್ಕೆ ಕಾರಣ. ಒಂಟಿ ಹೆಣ್ಣುಮಗಳು ದತ್ತಕ ತಗೊಳ್ಳಬಹುದು, ಅದಕ್ಕೆ ಕಾನೂನಿದೆ, ಆಕೆ ತಗೊಂಡಿದ್ದಾಳೆ. ನಮ್ಮ ಕೊಡಗಿನವರೇ ಆದ ಎ.ಎಸ್. ಬೋಪಣ್ಣನವರು ಮತ್ತು ಡಿ.ವೈ. ಚಂದ್ರಚೂಡರು ಕೂತಿದ್ದ ಪೀಠ 2022ರ ಆಗಸ್ಟ್ 16ರಂದು ಒಂದು ಹೆರಿಗೆ ರಜೆಯ ಪ್ರಕರಣದಲ್ಲಿ, ಕುಟುಂಬ ಅಂದರೆ ತಂದೆ ತಾಯಿ ಮಕ್ಕಳು ಎಂಬ ಒಂದೇ ನಮೂನೆ ಅಲ್ಲ, ಸಲಿಂಗ ಜೋಡಿಯ ಮನೆಯೂ ಕುಟುಂಬವೇ ಎಂಬ ಅರ್ಥದ ಮಾತು ಬರೆದಿದೆ. 2024ರಲ್ಲಿ ಕೇಂದ್ರ ಸರ್ಕಾರವೇ ರೇಷನ್ ಕಾರ್ಡಿನ ಮಟ್ಟಿಗೆ ಇಂಥ ಜೋಡಿಗಳನ್ನು ಒಂದೇ ಮನೆಯವರೆಂದು ಹಿಡಿಯಿರಿ ಎಂದು ರಾಜ್ಯಗಳಿಗೆ ತಿಳಿಸಿತು. ಜೋಳ ಅಕ್ಕಿ ಕೊಡುವಾಗ ಒಂದೇ ಮನೆಯವರಾದವರು ಕೂಸಿಗೆ ಅಕ್ಷರ ಕಲಿಸುವಾಗ ಬೇರೆಯಾದಾರೆ?

ಆದರೆ ನಿನಗೆ ಬೇಕಾದದ್ದು ಇವ್ಯಾವುದೂ ಅಲ್ಲ. ನಿನಗೆ ಬೇಕಾದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಅದರ 13ನೇ ಸೆಕ್ಷನ್ ಓದು. ಪ್ರವೇಶ ಕೊಡುವಾಗ ಮಗುವನ್ನಾಗಲಿ ಅದರ ತಂದೆತಾಯಿಯನ್ನಾಗಲಿ ಪಾಲಕರನ್ನಾಗಲಿ ಜರಡಿ ಹಿಡಿದು ಆರಿಸುವಂತಿಲ್ಲ. ಹಿಡಿದರೆ ಮೊದಲ ಸಲ 25 ಸಾವಿರ ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ ದಂಡ. ಅದೇ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಪಾಲಕರು ಅಂದರೆ ಯಾರು ಎಂದು ಬರೆದಿದೆ: ಮಗುವಿನ ಆರೈಕೆಯೂ ಸುಪರ್ದಿಯೂ ಯಾರ ಕೈಯಲ್ಲಿದೆಯೋ ಅವರು. ಗಂಡಸೋ ಹೆಂಗಸೋ, ಮದುವೆಯಾದವರೋ ಇಲ್ಲವೋ ಎಂಬ ಷರತ್ತು ಅಲ್ಲಿಲ್ಲ. ನಾನು ಅದನ್ನು ಓದಿದ್ದು ನಿವೃತ್ತಿಯ ಹೊಸ್ತಿಲಲ್ಲಿ. ನಮ್ಮ ಕಡೆ ಮೊದಲಿಂದಲೂ ‘ಪಾಲಕರ ಸಭೆ’ ಅನ್ನುತ್ತೇವೆ ನೋಡು, ಪಾಲನೆ ಮಾಡುವವರ ಸಭೆ. ಎಷ್ಟು ವರ್ಷ ಆ ಚೀಟಿಗೆ ಸಹಿ ಹಾಕಿದೆ, ಶಬ್ದದ ಅರ್ಥ ಲಕ್ಷ್ಯಕ್ಕೆ ಬಂದಿರಲಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ನೀವೆಲ್ಲ ಬೆಳೆದವರು. ನಿನ್ನ ತೊಟ್ಟಿಲಿನ ಹಗ್ಗವನ್ನು ನಿಮ್ಮವ್ವನಿಗಿಂತ ಹೆಚ್ಚು ಜಗ್ಗಿದವಳು ಗಂಡನ ಮನೆ ಬಿಟ್ಟು ಬಂದಿದ್ದ ನಿನ್ನ ಸೋದರತ್ತೆ. ನಿನ್ನ ಶಾಲೆಯ ಚೀಟಿಗಳಿಗೆ ಹೆಬ್ಬೆಟ್ಟು ಒತ್ತುತ್ತಿದ್ದವಳೂ ಆಕೆಯೇ.

‘ಉಳಿದ ಪಾಲಕರು ಮಕ್ಕಳನ್ನ ಬಿಡಿಸಿಕೊಂಡು ಹೋದ್ರ?’ ಎಂಬ ಅಂಜಿಕೆ ಇರುತ್ತದೆ, ಅದನ್ನು ಹಗುರವಾಗಿ ನೋಡಬೇಡ. ಬಿಸಿಯೂಟ ಶುರುವಾದ ಹೊಸದರಲ್ಲಿ ನಾನಿದ್ದ ಶಾಲೆಯಲ್ಲಿ ಅಡುಗೆಯಾಕೆಯ ಜಾತಿ ಹಿಡಿದು ಮೂರು ಮನೆಯವರು ಮಕ್ಕಳನ್ನು ಕಳಿಸುವುದು ಬಿಟ್ಟರು. ಆಕೆಯನ್ನು ತೆಗೆಯಿರಿ ಎಂದು ಊರಿನ ಹಿರಿಯರು ಬಂದು ಕೂತರು. ಆ ಸಲ ನಾನು ಒಪ್ಪಲಿಲ್ಲ. ಎಂಟು ದಿನಕ್ಕೆ ಮಕ್ಕಳೇ ಗೆಳೆಯರ ಸಂಗಡ ಆಡುವ ಆಸೆಗೆ ತಿರುಗಿ ಬಂದವು, ಸಾಲಿನಲ್ಲಿ ತಟ್ಟೆ ಹಿಡಿದು ಕೂತವು.

ಇನ್ನೊಂದು ಮಾತು. ಗಂಡು ಹೆಣ್ಣಿನ ವಿಷಯದಲ್ಲಿ ಊರಿನ ರೂಢಿ ಮೀರಿ ಬದುಕಿದವರು ನಮ್ಮ ಸೀಮೆಗೆ ಹೊಸಬರಲ್ಲ. ಬನದ ಹುಣ್ಣಿವೆಗೆ ಸವದತ್ತಿ ದಾರಿ ಹಿಡಿದ ಜೋಗಪ್ಪಗಳು ಓಣಿಗೆ ಬಂದರೆ ನಮ್ಮವ್ವ ಮೊರದ ತುಂಬ ಜೋಳ ಹಾಕಿ, ಕಾಲು ಮುಟ್ಟಿ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಿದ್ದಳು. 2021ರಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿ.ವಿ.ಯಲ್ಲಿ ನೋಡಿ ನಮ್ಮ ಮಂದಿ ಎಷ್ಟು ಹಿಗ್ಗಿದರು! ಜೋಗಪ್ಪಗಳ ಬದುಕು ಬೇರೆ, ಈ ಇಬ್ಬರು ಹೆಣ್ಣುಮಕ್ಕಳ ಸಂಗತಿ ಬೇರೆ, ಬಲ್ಲೆ. ಆದರೂ ದೇವರ ಹೆಸರಿನಲ್ಲಿ ಬಂದವರಿಗೆ ಕೈಮುಗಿಯುವ ಊರು, ಬಾಡಿಗೆ ಮನೆ ಹಿಡಿದು ಕೂಸು ಸಾಕಿಕೊಂಡಿರುವವರನ್ನು ಯಾಕೆ ಹೊರಗೆ ನಿಲ್ಲಿಸಬೇಕು?

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಸೆಕ್ರೆಟರಿಯವರ ಹತ್ತಿರ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ವಾದಕ್ಕೆ ಇಳಿಯಬೇಡ. ಒಬ್ಬರೇ ಇದ್ದಾಗ ಆ 13ನೇ ಸೆಕ್ಷನ್ನಿನ ಪ್ರತಿ ಮುಂದಿಡು, ‘ಸರ, ನಾಳೆ ತ್ರಾಸ ಆಗಬಾರದು ಅಂತ ತೋರಿಸಾಕತ್ತೇನಿ’ ಅನ್ನು. ದಂಡದ ಅಂಕಿ ಓದಿದರೆ ಬಹಳ ಜನಕ್ಕೆ ಸೀಟು ನೆನಪಾಗುತ್ತದೆ. ಆಗಲೂ ಆಗದಿದ್ದರೆ ಆ ತಾಯಂದಿರಿಗೆ ಹೇಳು: ಅರ್ಜಿ ಬರೆದು ಕೊಟ್ಟು ತಾರೀಖು ಹಾಕಿದ ಸ್ವೀಕೃತಿ ತಗೊಳ್ಳಲಿ, ಸೀಟಿಲ್ಲ ಎನ್ನುವುದನ್ನು ಬರವಣಿಗೆಯಲ್ಲೇ ಕೇಳಲಿ. ಆಮೇಲೆ ಬಿಇಒ ಕಚೇರಿ. ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಹೇಳಬೇಕು, ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ.

ಕೂಸು ನಿನ್ನ ವರ್ಗಕ್ಕೆ ಬಂದ ಮೇಲಿನದು ನಿನ್ನ ಕೈಯಲ್ಲೇ ಇದೆ. ‘ನಿಮ್ಮಪ್ಪ ಏನ್ ಮಾಡ್ತಾರ’ ಎಂದು ವರ್ಗದಲ್ಲಿ ಯಾವ ಮಗುವನ್ನೂ ಕೇಳಬೇಡ. ‘ಮನ್ಯಾಗ ಯಾರ್ಯಾರ ಇದ್ದೀರಿ’ ಎಂದು ಕೇಳು. ಕುಟುಂಬದ ಪಾಠ ಬಂದಾಗ ಚಿತ್ರ ಬಿಡಿಸಲು ಖಾಲಿ ಹಾಳೆ ಕೊಡು, ಅಪ್ಪ ಅವ್ವ ಎಂದು ಮೊದಲೇ ಚೌಕ ಹಾಕಿಕೊಡಬೇಡ. ಕೂಸು ಒಬ್ಬಾಕೆಗೆ ‘ಅವ್ವ’, ಇನ್ನೊಬ್ಬಾಕೆಗೆ ‘ಮಮ್ಮಿ’ ಅಂದರೆ ತಿದ್ದಲು ಹೋಗಬೇಡ. ಇಬ್ಬರ ಫೋನ್ ನಂಬರೂ ಬರೆದುಕೊ. ಮಗುವನ್ನು ಕರೆದೊಯ್ಯಲು ಹೊಲಿಗೆಯಾಕೆ ಬರುತ್ತಾಳೆಂದು ನರ್ಸ್‌ಬಾಯಿಯಿಂದ ಒಂದು ಚೀಟಿ ಬರೆಸಿ ಫೈಲಿಗೆ ಹಾಕು. ಇಲ್ಲದಿದ್ದರೆ ಒಂದು ದಿನ ಜ್ವರ ಬಂದ ಕೂಸನ್ನು ಕರೆದೊಯ್ಯಲು ಬಂದಾಕೆಯನ್ನು ಗೇಟಿನಲ್ಲಿ ‘ನೀವು ಯಾರ್ರಿ’ ಎಂದು ತಡೆಯುತ್ತಾರೆ. ಪಾಲಕರ ಸಭೆಗೆ ಇಬ್ಬರಿಗೂ ಕುರ್ಚಿ ಹಾಕು. ಚಹಾದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಮಾತು ಬಂದೇ ಬರುತ್ತದೆ. ಆ ತಾಯಂದಿರು ತಾವಾಗಿ ಹೇಳಿದ್ದಕ್ಕಿಂತ ಹೆಚ್ಚು ನಿನಗೆ ಗೊತ್ತಿಲ್ಲ, ಅಷ್ಟೇ. ಅವರನ್ನು ಕಾಪಾಡುತ್ತೇನೆಂದು ನೀನೇ ‘ಅಕ್ಕತಂಗಿ ಇರಬೇಕು’ ಎಂದು ಸುಳ್ಳು ಹೇಳುವುದೂ ಬೇಡ. ಆ ಸುಳ್ಳನ್ನು ನಾಳೆ ಕೂಸು ಹೊರಬೇಕಾಗುತ್ತದೆ.

ಬರುವ ಸೋಮವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ಅರ್ಜಿಯನ್ನು ಕಾರ್ಬನ್ ಇಟ್ಟು ಎರಡು ಪ್ರತಿ ಬರೆದಿದ್ದೇನೆ, ನನ್ನ ಅಕ್ಷರ ಇನ್ನೂ ನಡುಗುತ್ತಿಲ್ಲ. ಆ ಇಬ್ಬರಿಗೂ ಫೋನ್ ಮಾಡಿ, ಹತ್ತು ಗಂಟೆಗೆ ಕೂಸನ್ನು ಕರೆದುಕೊಂಡು ಬರಲು ಹೇಳು.

ನಿನ್ನ ಕಾಕಾ