ಭಾನುವಾರದ ಮಟನ್, ಮಾವನವರ ಕಿಡ್ನಿ

ಪ್ರಶ್ನೆ: ಮಾವನವರಿಗೆ ಎಪ್ಪತ್ತು ದಾಟಿದೆ. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಕೆಳಗಿಳಿದು ದುಡಿದವರು. ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದೆ, ಬಿ.ಪಿ.ಯೂ ಇದೆ. ಡಯಾಲಿಸಿಸ್ ಸದ್ಯಕ್ಕೆ ಬೇಡವಂತೆ. ಡಾಕ್ಟರು ಮಾಂಸ ಕಡಿಮೆ ಮಾಡಿ ಎಂದರು, ನಾನು ಪೂರ್ತಿ ನಿಲ್ಲಿಸಿಬಿಟ್ಟೆ. ಈಗ ಊಟವನ್ನೇ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ತೂಕ 60 ಕೆ.ಜಿ.ಗೆ ಇಳಿದಿದೆ. ಪಕ್ಕದ ಮನೆಯವರು ಶಕ್ತಿಗೆ ಕಾಲು ಸೂಪ್ ಕೊಡಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಕೋರಮಂಡಲ್, ಕೆ.ಜಿ.ಎಫ್.

ಉತ್ತರ: ಡಾಕ್ಟರು ಕಡಿಮೆ ಮಾಡಿ ಎಂದಿದ್ದಾರೆ, ಅಷ್ಟೇ ಮಾಡಿ. ಈ ವಯಸ್ಸಿನಲ್ಲಿ ಊಟ ಬಿಟ್ಟು ಸೊರಗುವುದು ಅಳತೆಯಲ್ಲಿ ತಿಂದ ಮಟನ್‌ಗಿಂತ ಕೆಟ್ಟದ್ದು. ತೂಕ ಇಳಿದದ್ದನ್ನು ಈ ವಾರವೇ ಡಾಕ್ಟರಿಗೆ ತಿಳಿಸಿ.

ಡಯಾಲಿಸಿಸ್ ಇಲ್ಲದ ಈ ಹಂತದಲ್ಲಿ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಎನ್ನುವುದು ಸಾಮಾನ್ಯ ಅಳತೆ. ಮಾವನವರಿಗೆ 48 ಗ್ರಾಂ ಆಯಿತು. ಮುದ್ದೆ, ಅನ್ನ, ಬೇಳೆ, ಹಾಲಿನಲ್ಲೇ ಅರ್ಧದಷ್ಟು ಬಂದುಬಿಡುತ್ತದೆ. ಬೆಂದ ಮಟನ್ 50 ಗ್ರಾಂ, ಅಂದರೆ ಮೂಳೆಯಿಲ್ಲದ ಎರಡು-ಮೂರು ಸಣ್ಣ ತುಂಡು, ಸುಮಾರು 13 ಗ್ರಾಂ ಕೊಡುತ್ತದೆ. ಭಾನುವಾರ ಮಧ್ಯಾಹ್ನ ಅಷ್ಟನ್ನು ಧೈರ್ಯವಾಗಿ ಬಡಿಸಿ, ಅವತ್ತು ಬೇಳೆ ಕಡಿಮೆ ಮಾಡಿ. ದನದ್ದು, ಹಂದಿಯದ್ದಕ್ಕೂ ಇದೇ ಲೆಕ್ಕ. ಮಿಕ್ಕ ದಿನ ಮೀನು, ಕೋಳಿ, ಮೊಟ್ಟೆಯ ಬಿಳಿ ವಾಸಿ. ಸಿಂಗಪುರದಲ್ಲಿ 63 ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದಾಗ, ಕೆಂಪು ಮಾಂಸ ಹೆಚ್ಚು ತಿಂದವರಲ್ಲಿ ಕಿಡ್ನಿ ಪೂರ್ತಿ ಸೋತದ್ದು ಹೆಚ್ಚಾಗಿ ಕಂಡಿತು. ಅಲ್ಲಿ ಅದು ಬಹುಪಾಲು ಹಂದಿ ಮಾಂಸ. ಮೀನು, ಕೋಳಿ, ಮೊಟ್ಟೆಗೆ ಆ ನಂಟು ಕಾಣಲಿಲ್ಲ.

ನನಗೆ ತುಂಡಿಗಿಂತ ಹೆಚ್ಚು ಭಯ ಸಾರಿನದು. ಮಾಂಸದ ಪೊಟ್ಯಾಸಿಯಂ, ರಂಜಕ ಬೇಯಿಸಿದ ನೀರಿಗೆ ಇಳಿಯುತ್ತವೆ, ಅದರ ಮೇಲೆ ಉಪ್ಪು. ಹಾಗಾಗಿ ಕಾಲು ಸೂಪ್ ಬೇಡವೇ ಬೇಡ. ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಟ್ಟರೂ ಮನೆಯಲ್ಲಿ ಬೇರೆಯವರು ಕುಡಿಯಲಿ. ಲಿವರ್ ಕೂಡ ಬೇಡ. ಮಟನ್ ಅನ್ನು ಧಾರಾಳ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಮಸಾಲೆಗೆ ಹಾಕಿ. ಮುದ್ದೆಗೆ ಸಾರಿಲ್ಲದೆ ಆಗುವುದಿಲ್ಲ, ನಿಜ. ಹೀಗೆ ಮಾಡಿದ ಸಾರಾದರೆ ಒಂದು ಸಣ್ಣ ಬಟ್ಟಲು ಸಾಕು. ಬೆಳಗಿನಿಂದ ರಾತ್ರಿವರೆಗೆ ಎಲ್ಲ ಸೇರಿ ಉಪ್ಪು ಒಂದು ಟೀ ಚಮಚ, 5 ಗ್ರಾಂ, ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಉಪ್ಪುಕಂಡ, ಒಣಮೀನು ತಟ್ಟೆಗೆ ಬರದಿರಲಿ. ಲೋ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಡಾಕ್ಟರನ್ನು ಕೇಳದೆ ತರಬೇಡಿ.

ಇನ್ನೊಂದು ಮಾತು. ಗಣಿಯ ಸಿಲಿಕಾ ಧೂಳಿಗೂ ಕಿಡ್ನಿ ಕಾಯಿಲೆಗೂ ನಂಟಿದೆ ಎಂದು ಅಧ್ಯಯನಗಳು ಹೇಳುತ್ತವೆ. ಅವರು ಎಷ್ಟು ವರ್ಷ ಕೆಳಗಿಳಿದಿದ್ದರು ಎಂಬುದನ್ನು ಡಾಕ್ಟರಿಗೆ ಹೇಳಿ. ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಅಂಥ ಹಲವು ಮಾತ್ರೆಗಳು ಮಟನ್‌ಗಿಂತ ಬೇಗ ಕಿಡ್ನಿ ಕೆಡಿಸುತ್ತವೆ.

ರಕ್ತದಲ್ಲಿ ಪೊಟ್ಯಾಸಿಯಂ, ರಂಜಕ ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳಿ. ಅವು ಏರಿದ್ದರೆ ನನ್ನ ಅಳತೆಯೂ ಬದಲಾಗಬೇಕು. ಮುಂದೆ ಡಯಾಲಿಸಿಸ್ ಶುರುವಾದರೆ ಲೆಕ್ಕವೇ ತಿರುಗುತ್ತದೆ: ಆಗ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಆಸ್ಪತ್ರೆಯ ಆಹಾರತಜ್ಞರ ಹತ್ತಿರ ಹೊಸದಾಗಿ ಬರೆಸಿಕೊಳ್ಳಿ, ಮಾವನವರನ್ನೂ ಜೊತೆಗೆ ಕರೆದೊಯ್ಯಿರಿ.