ಕಡಲ ಕುದುರೆಯ ಊಟ

ಮೀನಿಗೆ ಆಹಾರ ಹಾಕುವುದೆಂದರೆ ನೀರಿನ ಮೇಲೆ ಚಿಟಿಕೆ ಪುಡಿಯನ್ನು ಉದುರಿಸುವುದೆಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಮನೆಯ ಗಾಜಿನ ತೊಟ್ಟಿಯಲ್ಲಿ ತಿರುಗಾಡುವ ಹೊಂಬಣ್ಣದ ಮೀನಿಗೆ ಅಷ್ಟು ಸಾಕು. ಆದರೆ ಸಮುದ್ರವಾಸಿಗಳಾದ ಕೆಲವು ಮೀನುಗಳು ಎದುರಿಗೆ ಆಹಾರದ ರಾಶಿಯೇ ಬಿದ್ದಿದ್ದರೂ ಅದನ್ನು ಮೂಸದೆ ಹಸಿವಿನಿಂದ ಸಾಯುತ್ತವೆ. ಇಂತಹವುಗಳಲ್ಲಿ ಕಡಲ ಕುದುರೆಯು ಅಗ್ರಗಣ್ಯವಾದುದು.

ಹೆಸರು ಕುದುರೆಯಾದರೂ ಇದು ಮೀನೇ. ಕಿವಿರುಗಳಿಂದ ಉಸಿರಾಡುತ್ತದೆ, ಬೆನ್ನಿನ ಪುಟ್ಟ ಈಜುರೆಕ್ಕೆಯನ್ನು ಬಡಿಯುತ್ತ ನೆಟ್ಟಗೆ ನಿಂತು ಈಜುತ್ತದೆ. ಈ ಈಜು ಬಲು ನಿಧಾನವಾದುದು. ಆದುದರಿಂದ ಬೇಟೆಯನ್ನು ಬೆನ್ನಟ್ಟುವ ಗೋಜಿಗೆ ಹೋಗದೆ, ಬಾಲವನ್ನು ಯಾವುದಾದರೊಂದು ಹುಲ್ಲಿಗೆ ಸುತ್ತಿಕೊಂಡು ಕಾದಿರುತ್ತದೆ. ಅದರ ಎರಡು ಕಣ್ಣುಗಳೂ ಬೇರೆಬೇರೆ ದಿಕ್ಕಿಗೆ ತಿರುಗಬಲ್ಲವು. ಸೂಕ್ಷ್ಮ ಜೀವಿಯೊಂದು ಸಮೀಪಕ್ಕೆ ಬಂದೊಡನೆ ತಲೆಯನ್ನು ಥಟ್ಟನೆ ಮೇಲೆತ್ತಿ, ಕೊಳವೆಯಂತಹ ಮೂತಿಯಿಂದ ನೀರಿನೊಡನೆ ಅದನ್ನು ಹೀರಿಕೊಳ್ಳುತ್ತದೆ. ಈ ಕ್ರಿಯೆಗೆ ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಕಾಲವೂ ಹಿಡಿಯದು! ಆ ಮೂತಿಯ ಆಕಾರವು ನೀರನ್ನು ಕದಲಿಸದೆ ಬೇಟೆಯ ಹತ್ತಿರಕ್ಕೆ ಸರಿಯಲು ನೆರವಾಗುತ್ತದೆಂದು 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ತೋರಿಸಿಕೊಟ್ಟಿತು.

ಇಷ್ಟು ತಿಳಿದರೆ ಇದರ ಹಟಮಾರಿತನದ ಗುಟ್ಟು ತಿಳಿದಂತೆಯೇ. ಚಲಿಸುವ ವಸ್ತುವೇ ಅದರ ಕಣ್ಣಿಗೆ ಆಹಾರ. ತಳಕ್ಕಿಳಿದು ಸುಮ್ಮನೆ ಬಿದ್ದಿರುವುದು ಬರಿಯ ಕಸ. ಇನ್ನೊಂದು ತೊಡಕೂ ಉಂಟು. ಕಡಲ ಕುದುರೆಗೆ ಹಲ್ಲುಗಳಿಲ್ಲ, ಜಠರವೂ ಇಲ್ಲ. ನುಂಗಿದುದನ್ನು ಕೂಡಿಟ್ಟುಕೊಳ್ಳುವ ಚೀಲವಿಲ್ಲದ್ದರಿಂದ ಆಹಾರವು ಬೇಗನೆ ಹೊರಬೀಳುವುದು. ಹೀಗಾಗಿ ದಿನಕ್ಕೊಮ್ಮೆ ಉಣಿಸಿದರೆ ಸಾಲದು. ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣಿಸಬೇಕು. ಕಡಲಿನಲ್ಲಿ ಕೋಪಿಪಾಡ್, ಮೈಸಿಡ್ ಮುಂತಾದ ಸಣ್ಣ ಜೀವಿಗಳು ಅದಕ್ಕೆ ಹೇರಳವಾಗಿ ದೊರೆಯುತ್ತವೆ. ತೊಟ್ಟಿಯಲ್ಲಿ ಅವನ್ನು ಎಲ್ಲಿಂದ ತರುವುದು?

ಇದಕ್ಕೆ ಉತ್ತರವು ನಮ್ಮ ಠಾಣೆಯ ಮಗ್ಗುಲಲ್ಲಿಯೇ ಇದ್ದಿತೆಂದರೆ ಓದುಗರಿಗೆ ಅಚ್ಚರಿಯಾದೀತು. ವಡಾಳಾದಿಂದ ಭಾಂಡುಪ್, ಮುಲುಂಡ್‌ಗಳವರೆಗೆ, ಆಚೆ ಭಾಯಂದರದ ಕಡೆಗೆ, ಖಾಡಿಯ ಅಂಚಿನಲ್ಲಿ ಉಪ್ಪಿನ ಗದ್ದೆಗಳು ಬಹುಕಾಲ ಹಬ್ಬಿದ್ದವು. ಮರಾಠಿಯಲ್ಲಿ ಇವನ್ನು 'ಮಿಠಾಗರ' ಎನ್ನುವರು. ಗೋಕರ್ಣದ ಬಳಿಯ ಸಾಣಿಕಟ್ಟಾವನ್ನು ಕಂಡವರಿಗೆ ಹೆಚ್ಚಿನ ವರ್ಣನೆ ಬೇಡ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದು. ಗದ್ದೆಯಿಂದ ಗದ್ದೆಗೆ ಹರಿಯುತ್ತ ಬಿಸಿಲಿಗೆ ಆರಿದಂತೆ ಅದು ಮೂರು ನಾಲ್ಕು ಪಟ್ಟಾಗುವುದು. ಅಲ್ಲಿ ಮೀನುಗಳು ಬದುಕಲಾರವು. ಆದರೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯ ಬಂಧು ಶತ್ರುಗಳಿಲ್ಲದ ಆ ನೀರಿನಲ್ಲಿ ಸುಖವಾಗಿ ಬೆಳೆಯುತ್ತದೆ. ಭಾರತದಲ್ಲಿ ಈ ಪ್ರಾಣಿಯಿರುವುದನ್ನು ಮೊದಲು ವರದಿ ಮಾಡಿದವರು ಸಿ. ವಿ. ಕುಲಕರ್ಣಿಯವರು, 1953ರಲ್ಲಿ, ಸ್ಥಳ, ಮುಂಬಯಿಯ ವಡಾಳಾದ ಉಪ್ಪಿನ ಗದ್ದೆಗಳು.

ಕಾಲ ಅನುಕೂಲವಾಗಿದ್ದರೆ ಆರ್ಟೀಮಿಯಾ ಮರಿಗಳನ್ನೇ ಹಾಕುವುದು. ಉಪ್ಪು ವಿಪರೀತವಾಗಿ ಏರಿದಾಗ ಮಾತ್ರ ಗಟ್ಟಿ ಕವಚದ ಸುಪ್ತಾಂಡಗಳನ್ನಿಡುವುದು. ಕಂದು ಬಣ್ಣದ ಧೂಳಿನಂತೆ ಕಾಣುವ ಇವು ಒಣಗಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಒಂದು ಗ್ರಾಮಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು! ಇಂದು ಡಬ್ಬಿಯಲ್ಲಿ ಮಾರಾಟವಾಗುವ ಇವುಗಳಲ್ಲಿ ಬಹುಪಾಲು ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ನಿಂದಲೂ ಮಧ್ಯ ಏಷ್ಯದ ಉಪ್ಪುಸರೋವರಗಳಿಂದಲೂ ಬರುತ್ತವೆ.

ಮರಿ ಮಾಡಿಸುವ ವಿಧಾನವು ಶಾಲೆಯ ಪ್ರಯೋಗಾಲಯಕ್ಕೂ ಎಟುಕುವಂತಹುದು. ಬಾಟಲಿಯೊಂದರ ತಳವನ್ನು ಕತ್ತರಿಸಿ, ಬಾಯಿಗೆ ಬಿರಡೆ ಹಾಕಿ, ತಲೆಕೆಳಗಾಗಿ ನಿಲ್ಲಿಸಬೇಕು. ಒಂದು ಲೀಟರು ನೀರಿಗೆ 25ರಿಂದ 30 ಗ್ರಾಂ ಹರಳುಪ್ಪನ್ನು ಕರಗಿಸಿ, ಒಂದು ಗ್ರಾಂ ಸುಪ್ತಾಂಡಗಳನ್ನು ಹಾಕಿ, ಗಾಳಿಯ ಪಂಪಿನ ನಳಿಗೆಯನ್ನು ತಳದವರೆಗೆ ಇಳಿಬಿಡಬೇಕು. ಬೆಳಕು ಬೇಕು, 28 ಡಿಗ್ರಿಯ ಆಸುಪಾಸಿನ ಉಷ್ಣತೆ ಬೇಕು. ನಮ್ಮ ಡೊಂಬಿವಲಿ, ಕಲ್ಯಾಣಗಳ ಹವೆಯಲ್ಲಿ ಇದಕ್ಕೆ ಬೇರೆ ಏರ್ಪಾಡು ವರ್ಷದ ಬಹುಭಾಗ ಬೇಡವೇ ಬೇಡ. ಸುಮಾರು 24 ಗಂಟೆಗಳಲ್ಲಿ ಕಿತ್ತಳೆ ಬಣ್ಣದ, ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಮರಿಗಳು ಹೊರಬೀಳುತ್ತವೆ. ಆಗ ಗಾಳಿಯನ್ನು ನಿಲ್ಲಿಸಿ, ತಳದ ಬಳಿ ದೀಪವನ್ನು ಹಿಡಿಯಿರಿ. ಖಾಲಿ ಕವಚಗಳು ಮೇಲೆ ತೇಲುವುವು, ಮರಿಗಳು ಬೆಳಕಿನೆಡೆಗೆ ಕೂಡುವುವು. ಅವನ್ನು ನಳಿಗೆಯಿಂದ ಸೆಳೆದು ನುಣ್ಣನೆಯ ಬಟ್ಟೆಯಲ್ಲಿ ಸೋಸಿ ತೊಳೆಯಬೇಕು. ಕವಚಗಳನ್ನು ಬೇರ್ಪಡಿಸುವಲ್ಲಿ ಔದಾಸೀನ್ಯ ಸಲ್ಲದು. ಮರಿಮೀನುಗಳ ಕರುಳಿನಲ್ಲಿ ಅವು ಸಿಕ್ಕಿಕೊಳ್ಳುತ್ತವೆ.

ಹುಟ್ಟಿದ ಮರಿಯ ಸತ್ವವೆಲ್ಲ ಅದರ ಮೈಯೊಳಗಿನ ಭಂಡಾರದಲ್ಲಿರುವುದು. ಗಂಟೆಗಳು ಕಳೆದಂತೆ ಆ ಭಂಡಾರ ಬರಿದಾಗುವುದು. ಆದುದರಿಂದ ಬೇಗನೆ ಉಣಿಸಬೇಕು, ಇಲ್ಲವೆ ಒಂದು ದಿನ ಬೆಳೆಸಿ, ಕಡಲಿನ ಸೂಕ್ಷ್ಮ ಪಾಚಿಯನ್ನೋ ಮೀನೆಣ್ಣೆಯ ದ್ರಾವಣವನ್ನೋ ಮೇಯಿಸಿ ಅನಂತರ ಕೊಡಬೇಕು. ಆರ್ಟೀಮಿಯಾ ಹೊಟ್ಟೆ ತುಂಬಿಸಬಲ್ಲುದೇ ಹೊರತು, ಕಡಲ ಮೀನಿಗೆ ಅವಶ್ಯವಾದ ಕೆಲವು ಕೊಬ್ಬಿನ ಆಮ್ಲಗಳು ಅದರಲ್ಲಿ ಸಾಕಷ್ಟಿಲ್ಲ. ಉಂಡೂ ಸೊರಗಿದ ಕಡಲ ಕುದುರೆಗಳ ಕಥೆಯ ಹಿಂದೆ ಹೆಚ್ಚಾಗಿ ಈ ಕೊರತೆಯೇ ಇರುವುದು.

ಖಾಡಿಯಲ್ಲಿ ಕೋಳಿ ಜನರು ಹಿಡಿಯುವ ಜವಳಾ ಎಂಬ ಸಣ್ಣ ಸಿಗಡಿಯನ್ನು ಜೀವಂತವಾಗಿ ತಂದು ಹಾಕಬಾರದೇಕೆ, ಎಂದು ಕೇಳಬಹುದು. ಗಾತ್ರವು ಹೊಂದಿದರೆ ಮೀನು ತಿಂದೀತು. ಆದರೆ ಕಾರ್ಖಾನೆಗಳ ಹಾಗೂ ಊರಿನ ಕೊಳೆನೀರು ಬೆರೆಯುವ ಖಾಡಿಯಿಂದ ತಂದ ಬೇಟೆಯೊಡನೆ ರೋಗವೂ ವಿಷವೂ ತೊಟ್ಟಿಗೆ ಬರುವ ಭಯವಿದೆ. ಈ ಉಪಾಯವು ನನಗೆ ಸಮ್ಮತವಲ್ಲ.

ಕಾಯಿದೆಯ ಮಾತನ್ನೂ ಇಲ್ಲಿ ಹೇಳಲೇಬೇಕು. ಔಷಧಕ್ಕಾಗಿ ಒಣಗಿಸಿ ಮಾರುವ ವ್ಯಾಪಾರದಿಂದ ನಮ್ಮ ದಕ್ಷಿಣದ ಕಡಲುಗಳಲ್ಲಿ ಕಡಲ ಕುದುರೆಗಳು ಬಹಳವಾಗಿ ಸೂರೆಹೋದವು. 2001ರಲ್ಲಿ ಅವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಯೂ ಅದೇ ಅನುಸೂಚಿಯಲ್ಲಿದೆ. ಹಿಡಿಯುವುದೂ ಮಾರುವುದೂ ಅಪರಾಧ. ಇವನ್ನು ಉಣಿಸುವ ವಿದ್ಯೆಯು ಸಂಶೋಧನಾಲಯಗಳಿಗೂ ಸಾರ್ವಜನಿಕ ಮತ್ಸ್ಯಾಲಯಗಳಿಗೂ ಮೀಸಲು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕಡಲ ಕುದುರೆಗಳಿಗೆ ಜೀವಂತ ಬೇಟೆಯೊಡನೆ ಹಿಮಗಟ್ಟಿಸಿದ ಮೈಸಿಡ್‌ಗಳನ್ನು ದಿನೇ ದಿನೇ ಹೆಚ್ಚು ಬೆರೆಸುತ್ತ, ನಿರ್ಜೀವ ಆಹಾರವನ್ನು ಅಲ್ಲಿ ರೂಢಿ ಮಾಡಿಸುತ್ತಾರೆ. ಕಡಲಿನಿಂದ ಹಿಡಿದು ತಂದವು ಈ ಪಾಠವನ್ನು ಕಲಿಯುವುದು ಕಷ್ಟ.

ಇತ್ತ ಉಪ್ಪಿನ ಗದ್ದೆಗಳೂ ಕರಗುತ್ತಿವೆ. ಕಾಂಜೂರಮಾರ್ಗ, ಭಾಂಡುಪ್, ಮುಲುಂಡ್‌ಗಳ ಸುಮಾರು 256 ಎಕರೆ ಉಪ್ಪಿನ ಭೂಮಿಯನ್ನು ಧಾರಾವಿಯ ನಿವಾಸಿಗಳ ಮನೆಗಳಿಗೆ ಬಳಸಲು ಮಹಾರಾಷ್ಟ್ರದ ಮಂತ್ರಿಮಂಡಲವು 2024ರಲ್ಲಿ ಒಪ್ಪಿಗೆಯಿತ್ತಿತು. ಬಡವರಿಗೆ ಮನೆ ಬೇಕು, ನಿಜ. ಆದರೆ ಮಳೆನೀರನ್ನು ತಡೆದು ನಿಲ್ಲಿಸುವ ಈ ತಗ್ಗುನೆಲವೂ ಊರಿಗೆ ಬೇಕು.

ಆರ್ಟೀಮಿಯಾ ಮರಿಗಳನ್ನು ಮಾಡಿದ ವಿದ್ಯಾರ್ಥಿಗಳು ಅವನ್ನು ಗಪ್ಪಿಯ ಮರಿಗಳಿಗೆ ಹಾಕಿ ನೋಡಬಹುದು. ಸಿಹಿನೀರಿನಲ್ಲಿ ಆರ್ಟೀಮಿಯಾ ಕೆಲವು ಗಂಟೆ ಮಾತ್ರ ಬದುಕುವುದರಿಂದ ತಿಂದು ಮುಗಿಸುವಷ್ಟನ್ನೇ ಹಾಕಬೇಕು. ಗಾಜಿನಂತಹ ಗಪ್ಪಿಮರಿಯ ಹೊಟ್ಟೆಯು ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು.